ಬೋಲ್ಟ್ ಹೋಯಿತು, ಕೋವಿ ಇಲ್ಲೇ ಇದೆ

ವಿಲೋ ಫೋರ್ಕ್, ಮೊಂಟಾನಾ
ಅಕ್ಟೋಬರ್ ೪, ೧೯೮೮, ಮಂಗಳವಾರ

ಪ್ರೀತಿಯ ತಮ್ಮ ಐನಾರನಿಗೆ,

ಈ ಕಾಗದ ಬರೆಯುವ ಶಿಕ್ಷೆ ಕೊಟ್ಟಿದ್ದಕ್ಕೆ ಮೊದಲು ನಿನಗೆ ಬೈದುಬಿಡುತ್ತೇನೆ, ಆಮೇಲೆ ಉಳಿದದ್ದು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬೇಲಿ ಕಂಬ ನೆಡು ಅಂದರೆ ಈಗಲೂ ನೆಡುತ್ತೇನೆ, ಆದರೆ ಎರಡು ಸಾಲು ಬರೆಯುವಷ್ಟರಲ್ಲಿ ಬೆರಳು ಸೆಟೆದುಕೊಳ್ಳುತ್ತವೆ. ಭಾನುವಾರ ನಿನ್ನ ಬಾಡಿಗೆ ಮನೆಯ ಒಡತಿಗೆ ಫೋನ್ ಮಾಡಿದ್ದೆ. "ಅವರು ದೋಣೀಲಿದ್ದಾರಮ್ಮ, ಒಂಬತ್ತನೇ ತಾರೀಕಿಗೆ ಬರ್ತಾರೆ. ಏನಿದ್ರೂ ಬರೆದು ಕಳ್ಸಿ, ಬಂದ ತಕ್ಷಣ ಕೈಗೆ ಕೊಡ್ತೀನಿ" ಅಂದಳು. ಅರುವತ್ತೊಂದು ವರ್ಷದ ಮನುಷ್ಯ ಇನ್ನೂ ಸಮುದ್ರದಲ್ಲಿ ಬಲೆ ಎಳೆಯುತ್ತಾ ಕೂತರೆ ಅಕ್ಕನಾದವಳು ಬರೆಯದೆ ಇನ್ನೇನು ಮಾಡಬೇಕು?

ನಿನ್ನ ಮಂಡಿ ಹೇಗಿದೆ? ಕಳೆದ ಸಲ ಕಳಿಸಿದ ಎಣ್ಣೆ ಹಚ್ಚಿದೆಯಾ, ಅಥವಾ ಡಬ್ಬಿಯ ಮೇಲೆ ಕುದುರೆಯ ಚಿತ್ರ ಇದೆ ಎಂದು ಮೂಲೆಗೆ ಎಸೆದೆಯಾ? ನಾನು ಹತ್ತು ವರ್ಷದಿಂದ ಅದನ್ನೇ ಹಚ್ಚುತ್ತಿದ್ದೇನೆ, ಇನ್ನೂ ಕೆನೆದಿಲ್ಲ. ಒರೆಗಾನಿನ ಮಳೆಯಲ್ಲಿ ಒದ್ದೆ ಕಾಲುಚೀಲ ಹಾಕಿಕೊಂಡು ತಿರುಗಬೇಡ. ಇಲ್ಲಿ ಎರಡು ಸಲ ಹಿಮದಪುಡಿ ಉದುರಿ ಕರಗಿತು. ಅಮ್ಮನ ಆಲೂಗಡ್ಡೆ ರೊಟ್ಟಿ ಮಾಡಿದ್ದೆ; ಒಬ್ಬಳೇ ಕೂತು ಹನ್ನೊಂದು ತಿಂದೆ, ನಿನ್ನ ಪಾಲಿನದೂ ಸೇರಿಸಿ.

ಈಗ ಸುದ್ದಿ. ಅಪ್ಪನ ರೈಫಲ್ ಮಾರಿದ್ದೇನೆ. ಹಾರಬೇಡ, ಪೂರ್ತಿ ಓದು. ಗುಂಡನ್ನು ಒಳಗೆ ತಳ್ಳುವ ಬೋಲ್ಟ್ ಬಿಚ್ಚಿ ಅಂಚೆಯಲ್ಲಿ ಕಳಿಸಿಯಾಗಿದೆ. ಕೋವಿ ಮಾತ್ರ ಅಡುಗೆಮನೆಯ ಮೇಜಿನ ಮೇಲೇ ಇದೆ, ಅದರ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಯಾಕೆ ಹೋಗಲಿಲ್ಲ ಎಂಬುದನ್ನು ಕೊನೆಗೆ ಹೇಳುತ್ತೇನೆ, ಈಗ ಕೈ ಏಳುತ್ತಿಲ್ಲ.

ಮಾರಿದ್ದು ಹಣದ ಆಸೆಗಲ್ಲ. ಬಲಗಡೆಯ ಹೆಗಲು ಹೋಗಿದೆ, ಕೋವಿ ಒಮ್ಮೆ ಒದ್ದರೆ ಮೂರು ದಿನ ತಲೆ ಬಾಚಲಿಕ್ಕೂ ಆಗುವುದಿಲ್ಲ. ಕಣ್ಣಿನ ಕಥೆ ಬೇರೆ. ಹೋದ ವರ್ಷ ಎಲ್ಕ್ ಜಿಂಕೆ ಎಂದುಕೊಂಡು ಒಂದು ಸುಟ್ಟ ಮರದ ಬೊಡ್ಡೆಗೆ ಗುಂಡು ಹೊಡೆದೆ. ಅದಾದರೂ ತಗುಲಿತೇ ಅಂದರೆ ಅದೂ ಇಲ್ಲ. ಗೋಡೆಯಲ್ಲಿ ನೇತುಹಾಕಿ ಜೇಡ ಸಾಕುವುದಕ್ಕಿಂತ ಕಾಡಿಗೆ ಹೋಗುವವನ ಕೈಯಲ್ಲಿ ಇರಲಿ ಎಂದು ರೈತರ ಪತ್ರಿಕೆಯಲ್ಲಿ ಮೂರು ಸಾಲು ಹಾಕಿಸಿದೆ. ಹ್ಯಾಮಿಲ್ಟನ್ನಿನ ಡುವೇನ್ ಕೊಪ್ರಿವಾ ಎಂಬವನು ಬರೆದ. ಗರಗಸದ ಮಿಲ್ಲಿನಲ್ಲಿ ಕೆಲಸ. ನಮ್ಮ ರಾಜ್ಯದವನೇ ಎಂಬುದಕ್ಕೆ ಗುರುತು ಬೇಕು ಅಂದೆ, ಡ್ರೈವಿಂಗ್ ಲೈಸೆನ್ಸಿನ ಪ್ರತಿ ಕಳಿಸಿದ. ಫೋಟೋದಲ್ಲಿ ಮೆಲುಕು ಹಾಕುವ ಹಸುವಿನಷ್ಟು ಸಾಧು ಮುಖ.

ಕಳಿಸುವುದು ಹೇಗೆ ಎಂಬುದೇ ದೊಡ್ಡ ರಾಮಾಯಣವಾಯಿತು. ಒಬ್ಬ ನೆರೆಯವನು ಜೈಲಿಗೆ ಹಾಕುತ್ತಾರೆ ಅಂದ, ಇನ್ನೊಬ್ಬ ಕೋವಿ ಮಾರುವ ಪರವಾನಗಿ ಇರುವ ಅಂಗಡಿಯ ಮೂಲಕವೇ ಹೋಗಬೇಕು ಅಂದ. ಇಬ್ಬರಿಗೂ ಬಾಯಿ ಮುಚ್ಚಿ ಎಂದು ಹೇಳಿ ನೇರ ಅಂಚೆ ಕಚೇರಿಗೆ ಹೋದೆ. ಲೊರೆಟಾ ಗೊತ್ತಲ್ಲ, ನಿನ್ನ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತು ನಿನ್ನ ಲೆಕ್ಕ ನೋಡಿ ಬರೆಯುತ್ತಿದ್ದವಳು, ಈಗಲೂ ಕೌಂಟರಿನಲ್ಲಿ ಅವಳೇ. ದಪ್ಪ ಪುಸ್ತಕ ತೆಗೆದು ಬೆರಳಿಟ್ಟು ಓದಿದಳು. "ಉದ್ದ ಕೋವಿ ಆದ್ರೆ ಆಗುತ್ತೆ, ಪಿಸ್ತೂಲು ಆದ್ರೆ ಇಲ್ಲ. ಗುಂಡು ಇರಬಾರ್ದು. ಕಳಿಸೋಳೂ ಮೊಂಟಾನಾದವಳು, ತಗೊಳ್ಳೋನೂ ಮೊಂಟಾನಾದವನು ಆಗಿರ್ಬೇಕು. ಅಷ್ಟೇ ಕಣೇ ಥೋರಾ, ಯಾಕೆ ಹಾಗೆ ಹುಬ್ಬು ಗಂಟು ಹಾಕ್ತೀಯಾ?"

ನಾನು ಹುಬ್ಬು ಗಂಟು ಹಾಕಿದ್ದು ಬೇರೆ ಕಾರಣಕ್ಕೆ. ಹಾಗಾದರೆ ಒರೆಗಾನಿನಲ್ಲಿರುವ ನನ್ನ ತಮ್ಮನಿಗೆ ಕಳಿಸಬಹುದೇ ಎಂದು ಸುಮ್ಮನೆ ಕೇಳಿದೆ. ಆಗುವುದಿಲ್ಲವಂತೆ. ನಿನ್ನ ಊರಿನ ಪರವಾನಗಿ ಅಂಗಡಿಗೆ ಕಳಿಸಬೇಕಂತೆ, ನೀನು ಅಲ್ಲಿ ಹೋಗಿ ಫಾರಂ ತುಂಬಿ ತೆಗೆದುಕೊಳ್ಳಬೇಕಂತೆ. ಮುಖ ನೋಡದ ಮಿಲ್ಲಿನವನಿಗೆ ಕೈಗೇ ಸೇರಿಸಬಹುದು, ಎತ್ತಿ ಆಡಿಸಿದ ತಮ್ಮನಿಗೆ ನಡುವೆ ಅಂಗಡಿಯವನು ಬೇಕು. ನಾನು ಸತ್ತು ಉಯಿಲಿನಲ್ಲಿ ಬರೆದಿಟ್ಟರೆ ಅಂಗಡಿ ಬೇಡವಂತೆ. ನನಗೆ ಅಷ್ಟು ಅವಸರವಿಲ್ಲ ಅಂದೆ. ಲೊರೆಟಾ ನಕ್ಕು ನಕ್ಕು ಮುದ್ರೆಯನ್ನು ತನ್ನ ಕೈಮೇಲೇ ಒತ್ತಿಕೊಂಡಳು.

ನಮ್ಮ ಕಡೆಯ ರೂಢಿ ನಿನಗೆ ನೆನಪಿರಬೇಕು, ಬೋಲ್ಟ್ ಒಂದು ಡಬ್ಬದಲ್ಲಿ, ಕೋವಿ ಇನ್ನೊಂದರಲ್ಲಿ. ದಾರಿಯಲ್ಲಿ ಯಾರಾದರೂ ಒಂದನ್ನು ಹೊಡೆದುಕೊಂಡರೆ ಅವನಿಗೆ ಸಿಗುವುದು ಬರೀ ಕೊಳವೆ, ಇಲ್ಲವೇ ಒಂದು ತುಂಡು ಕಬ್ಬಿಣ. ಗುರುವಾರ ಎರಡೂ ಡಬ್ಬ ಒಯ್ದೆ. ಉದ್ದ ಡಬ್ಬದ ಮೇಲೆ ಕೊಟ್ಟಿಗೆಗೆ ಬಳಿಯುವ ಕೆಂಪು ಬಣ್ಣದಲ್ಲಿ ಗೇಣುದ್ದದ ಅಕ್ಷರದಲ್ಲಿ ಬರೆದಿದ್ದೆ, "ಜೋಪಾನ, ಒಳಗೆ ರೈಫಲ್ ಇದೆ" ಎಂದು. ಲೊರೆಟಾ ಅದನ್ನು ನೋಡಿ ಹಣೆ ಬಡಿದುಕೊಂಡಳು. "ಅಯ್ಯೋ ಮಾರಾಯ್ತಿ, ಕಳ್ಳರಿಗೆ ಆಮಂತ್ರಣ ಪತ್ರ ಅಚ್ಚು ಹಾಕ್ಸಿದ್ದೀಯಾ? ಒಳಗೇನಿದೆ ಅಂತ ಹೊರಗೆ ಕಾಣ್ಲೇಬಾರ್ದು. ವಾಪಸ್ ತಗೊಂಡ್ಹೋಗಿ ಕಾಗದ ಸುತ್ಕೊಂಡು ಬಾ." ಅವಳಿಗೂ ಬೈದೆ, ನನಗೂ ಬೈದುಕೊಂಡೆ. ಬೋಲ್ಟಿನ ಡಬ್ಬ ಅಲ್ಲೇ ಕೊಟ್ಟೆ, ಉದ್ದ ಡಬ್ಬ ವಾಪಸ್ ತಂದೆ. ಆ ಕೆಂಪು ಬಣ್ಣ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಕೋವಿ ಹ್ಯಾಮಿಲ್ಟನ್ ಸೇರಿರುತ್ತಿತ್ತು, ಈ ಕಾಗದವೂ ಇರುತ್ತಿರಲಿಲ್ಲ.

ನಿನ್ನೆ ಡುವೇನನಿಗೆ ಫೋನ್ ಮಾಡಿ, ಸ್ವಲ್ಪ ತಡೆ, ಮನೆಯಲ್ಲಿ ಕೇಳಬೇಕಾದವರು ಒಬ್ಬರಿದ್ದಾರೆ ಅಂದೆ. ಬೈಯುತ್ತಾನೆ ಎಂದುಕೊಂಡಿದ್ದೆ, ತಿರುಗಿ ಬೈಯಲು ಸಿದ್ಧಳಾಗಿಯೂ ಇದ್ದೆ. ಆ ಪುಣ್ಯಾತ್ಮ ನಕ್ಕ. "ಅಮ್ಮಾ, ಬೋಲ್ಟ್ ನನ್ಹತ್ರ, ಕೋವಿ ನಿಮ್ಹತ್ರ. ಇಬ್ರೂ ಸೇರಿ ಒಂದು ಮೊಲಾನೂ ಹೊಡೆಯೋಕಾಗಲ್ಲ. ಬೇಟೆ ಶುರುವಾಗೋದು ಇಪ್ಪತ್ಮೂರಕ್ಕೆ. ಹದಿನೈದರವರೆಗೆ ಕಾಯ್ತೀನಿ. ಆಮೇಲೆ ನಾನು ಬೇರೆ ನೋಡ್ಕೋಬೇಕು." ಅವನು ಕಳಿಸಿದ ಮನಿ ಆರ್ಡರ್ ಸಕ್ಕರೆ ಡಬ್ಬಿಯಲ್ಲಿ ಹಾಗೇ ಇದೆ, ಮುಟ್ಟಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಅಂದರೆ ನಾನು, ಎರಡು ಕುದುರೆ, ಮತ್ತು ಆ ಕಿವುಡು ನಾಯಿ. ನಿನ್ನ ಮನೆಯೊಡತಿಗೆ ನನ್ನ ನಮಸ್ಕಾರ ಹೇಳು, ನಿನ್ನಂಥವನನ್ನು ಸಹಿಸಿಕೊಂಡಿದ್ದಾಳೆ. ಬಿಸಿಯದನ್ನು ತಿನ್ನು, ಮಂಡಿ ಒಣಗಿಸಿಕೋ, ನೂರು ವರ್ಷ ಬಾಳು. ಬೈಯುವುದಕ್ಕೆ ನನಗೆ ಉಳಿದಿರುವವನು ನೀನೊಬ್ಬನೇ.

ನಿನ್ನ ಅಕ್ಕ,
ಥೋರಾ

ತಾ.ಕ.: ಈಗ ಹೇಳುತ್ತೇನೆ. ಶುಕ್ರವಾರ ಡಬ್ಬಕ್ಕೆ ಕಾಗದ ಸುತ್ತುವಾಗ ಒಳಗೆ ಏನೋ ಲೊಟಲೊಟ ಅಂದಿತು. ಬಿಚ್ಚಿ ನೋಡಿದರೆ ಹೆಗಲಿಗೆ ಒತ್ತುವ ಕಡೆಯ ತಗಡಿನ ಸ್ಕ್ರೂ ಸಡಿಲ. ಸಡಿಲ ಕೋವಿ ಮಾರಿದಳು ಎನ್ನಿಸಿಕೊಳ್ಳಬಾರದೆಂದು ತಗಡು ಪೂರ್ತಿ ಬಿಚ್ಚಿದೆ. ಅದರ ಕೆಳಗೆ ಮರದ ತೂತಿನಲ್ಲಿ ಚೀಟಿ ಇತ್ತು. ಇರುತ್ತದೆ ಎಂದು ಗೊತ್ತಿತ್ತು, ಇಲ್ಲಿ ಪ್ರತಿಯೊಬ್ಬನೂ ಕಳುವಾದರೆ ಸಾಕ್ಷಿ ಇರಲಿ ಎಂದು ಕೋವಿಯ ಒಡೆಯನ ಹೆಸರು ಬರೆದು ಅಲ್ಲಿ ತುರುಕುತ್ತಾನೆ. ಅಪ್ಪನ ಹೆಸರು ಇರುತ್ತದೆ ಎಂದುಕೊಂಡು ಬಿಚ್ಚಿದೆ. ಬಡಗಿಯ ಪೆನ್ಸಿಲಿನಲ್ಲಿ, ಅಪ್ಪನ ಆ ಕೋಳಿಕಾಲಿನ ಅಕ್ಷರದಲ್ಲಿ, "ಐನಾರ್ ಟ್ವೈಟ್, ನವೆಂಬರ್ ೧೯೩೯" ಎಂದಿದೆ.

ಯಾವ ನವೆಂಬರ್ ಎಂದು ನಿನಗೆ ಗೊತ್ತು. ಮರಿ ಜೊತೆಗಿದ್ದ ಹೆಣ್ಣು ಎಲ್ಕ್ ಎದುರಿಗೇ ನಿಂತರೂ ನೀನು ಗುಂಡು ಹಾರಿಸದೆ ಅತ್ತೆ. ಮಾರನೆಯ ದಿನ ಅಂಗಳದಲ್ಲಿ ಎಲ್ಲರೆದುರು ಅಪ್ಪ ಅಂದ, "ನಿನಗ್ಯಾಕೋ ಕೋವಿ, ಹೋಗಿ ಮೀನು ಹಿಡಿ." ನೀನು ಹಟಮಾರಿ, ಹದಿನೆಂಟು ತುಂಬಿದ ಕೂಡಲೇ ಹೋಗಿ ಮೀನು ಹಿಡಿದೆ, ಇನ್ನೂ ಹಿಡಿಯುತ್ತಿದ್ದೀ. ಬೇಟೆ ಶುರುವಾಗುವುದೇ ಅಕ್ಟೋಬರ್ ಕೊನೆಗೆ, ಆ ವರ್ಷ ನೀವು ಹೋದದ್ದು ನವೆಂಬರ್ ಒಂದನೇ ತಾರೀಕು. ಅಂದರೆ ಬೈದ ಮೇಲೆ ಬರೆದದ್ದು. ಬೈದು, ಒಳಗೆ ಹೋಗಿ, ತಗಡು ಬಿಚ್ಚಿ, ನಿನ್ನ ಹೆಸರು ಇಟ್ಟು, ಮುಚ್ಚಿ ಸುಮ್ಮನಾದ. ಆ ಮನುಷ್ಯನಿಗೆ ಬಾಯಿ ಇದ್ದದ್ದು ಬೈಯುವುದಕ್ಕೆ ಮಾತ್ರ. ನನಗೂ ಅದೇ ಬಂದಿದೆ. ನೀನು ಹೋದ ಮೇಲೆ ನಲವತ್ಮೂರು ವರ್ಷ ನಿನ್ನ ಕೋವಿಯಲ್ಲಿ ನಾನು ಬೇಟೆಯಾಡಿ ತಿಂದೆ, ಈಗ ನಿನ್ನ ಕೋವಿಯನ್ನು ಮಾರಿಯೂ ಬಿಟ್ಟೆ. ತಪ್ಪಾಯಿತು. ಇದನ್ನು ಇನ್ನೊಮ್ಮೆ ಬರೆಯುವುದಿಲ್ಲ.

ಚೀಟಿಯನ್ನು ಅಲ್ಲೇ ಮತ್ತೆ ಇಟ್ಟು ಸ್ಕ್ರೂ ಬಿಗಿ ಮಾಡಿದ್ದೇನೆ. ಬೇಕಾದರೆ ನಿನ್ನ ಊರಿನ ಪರವಾನಗಿ ಅಂಗಡಿಯ ಹೆಸರು, ವಿಳಾಸ ಬರೆ. ಡುವೇನನಿಂದ ಬೋಲ್ಟ್ ವಾಪಸ್ ತರಿಸಿ ಕಳಿಸುತ್ತೇನೆ. ಬೇಡವಾದರೆ ಬೇಡ ಎಂದು ಬರೆ. ಚೀಟಿ ತೆಗೆದಿಟ್ಟುಕೊಂಡು ಕೋವಿಯನ್ನು ಹ್ಯಾಮಿಲ್ಟನ್ನಿಗೆ ಕಳಿಸುತ್ತೇನೆ. ಹವಾಮಾನದ ವಿಷಯ ಬರೆಯಬೇಡ. ಹೌದು ಅಥವಾ ಇಲ್ಲ, ಹದಿನೈದನೇ ತಾರೀಕು ಶನಿವಾರದೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.