ಖಾಲಿ ಕುರ್ಚಿ ಕಸವಾದರೆ

ಮಾನ್ಯ ಪೀಠಾಧಿಪತಿಗಳೇ,

ಪುರಸಭೆಯಲ್ಲಿ ನಿಮ್ಮ ಬಾಗಿಲಿನ ಮೇಲೆ 'ಬೀದಿ ಪೀಠೋಪಕರಣ ಅಧಿಕಾರಿ' ಎಂಬ ಫಲಕವಿದೆಯೆಂದು ನನಗೆ ಗೊತ್ತು. ಆದರೆ ನಮ್ಮ ಪೀಠ ಕಿತ್ತು ತಮ್ಮ ಪೀಠವನ್ನು ಮಾತ್ರ ಭದ್ರವಾಗಿಟ್ಟುಕೊಂಡವರನ್ನು ಪೀಠಾಧಿಪತಿ ಎನ್ನದೆ ಇನ್ನೇನೆನ್ನಲಿ? ಜುಲೈ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಇಬ್ಬರು ಹಳದಿ ಅಂಗಿಯವರು ನಮ್ಮ ಕಡಿದಾದ ಬೀದಿ ಚಾಪೆಲ್ ಏರಿಗೆ ಬಂದರು. ಏರಿನ ನಟ್ಟನಡುವೆ ಇದ್ದ ಒಂದೇ ಒಂದು ಬೆಂಚನ್ನು ಕಿತ್ತು ವ್ಯಾನಿಗೆ ಹಾಕಿಕೊಂಡು ಹೋದರು. ಮುರಿದಿತ್ತು ಎಂದಲ್ಲ. ರಿಪೇರಿಯಾಗಿತ್ತು ಎಂದು!

ನಿಮ್ಮ ನೋಟಿಸು ನನ್ನ ಮುಂದಿದೆ. ಅದರಲ್ಲಿ ಅಪರಾಧದ ಹೆಸರು 'ಅನಧಿಕೃತ ಸುಧಾರಣೆ'. ಶಾಲೆಯ ಅಡುಗೆಮನೆಗಳಲ್ಲಿ ಮೂವತ್ತು ವರ್ಷ ಸಂಘ ಕಟ್ಟಿದವಳು ನಾನು. ಕೆಲಸ ನಿಲ್ಲಿಸಿದ್ದಕ್ಕೆ, ಗೇಟು ಅಡ್ಡಗಟ್ಟಿದ್ದಕ್ಕೆ, ಹಿರಿಯ ಅಧಿಕಾರಿಯೊಬ್ಬರನ್ನು ತಣ್ಣಗಿನ ಗಂಜಿಗೆ ಹೋಲಿಸಿದ್ದಕ್ಕೆ ಆರೋಪ ಹೊತ್ತಿದ್ದೇನೆ. ಸುಧಾರಣೆಯ ಆರೋಪ ನಮ್ಮ ಮನೆಗೆ ಬಂದದ್ದು ಇದೇ ಮೊದಲು. ಸರಿ, ಒಂದು ಮಾತು ಕೇಳುತ್ತೇನೆ. ಆ ಬೆಂಚಿನ ನಡುಹಲಗೆ ಹದಿನಾಲ್ಕು ತಿಂಗಳು ಮುರಿದು ಬಾಯಿ ತೆರೆದುಕೊಂಡಿತ್ತಲ್ಲ, ಅದು ಅಧಿಕೃತವಾಗಿತ್ತೇ? ಆ ಅವಧಿಯಲ್ಲಿ ಐದು ಕಾಗದ ಬರೆದೆ. ಐದಕ್ಕೂ 'ದೂರು ದಾಖಲಾಗಿದೆ' ಎಂಬ ಒಂದೇ ಉತ್ತರ. ಮುರಿದಾಗ ಕಣ್ಣಿಗೆ ಬೀಳದ ಬೆಂಚು ಸರಿಹೋದ ಒಂಬತ್ತನೆಯ ದಿನಕ್ಕೆ ನಿಮಗೆ ಕಂಡದ್ದು ಹೇಗೆ?

ಹೇಗೆಂದು ನಾನೇ ಹೇಳುತ್ತೇನೆ. ನನ್ನ ಗಂಡ ಎಲ್ವಿನ್ ನಿಮಗೆ ಸಂಭ್ರಮದಿಂದ ಕಾಗದ ಬರೆದ. "ಬೆಂಚು ಸರಿಮಾಡಿದ್ದೇನೆ, ಇನ್ನು ತಾವು ಆ ಬಗ್ಗೆ ಯೋಚಿಸಬೇಕಿಲ್ಲ" ಎಂದು. ಪಾಪ, ನೀವು ಅದುವರೆಗೆ ಯೋಚಿಸುತ್ತಿದ್ದಿರಿ ಎಂದು ನಂಬಿದ್ದ.

ಈ ಎಲ್ವಿನ್ ಎಂಥವನೆಂದು ನಿಮಗೆ ತಿಳಿದಿರಲಿ. ನಿವೃತ್ತನಾದ ದಿನದಿಂದ ಅವನ ಕೈಯಲ್ಲಿ ಸುತ್ತಿಗೆ, ನನ್ನ ಬಾಯಲ್ಲಿ ದೇವರ ಹೆಸರು. ಅಡುಗೆಮನೆಗೆ ಅವನು ಹೊಡೆದ ಷೆಲ್ಫು ಭಾನುವಾರದ ಊಟದ ಹೊತ್ತು ನೋಡಿಕೊಂಡು, ನನ್ನ ಅತ್ತೆಯ ಕಾಲದ ಹನ್ನೆರಡು ಪಿಂಗಾಣಿ ತಟ್ಟೆಗಳ ಸಮೇತ ಹುರಿದ ಕುರಿಮಾಂಸದ ಮೇಲೆ ಇಳಿಯಿತು. ಹಿಂದಿನ ಕೋಣೆಯಲ್ಲಿ ಅವನು ಗೋಡೆಕಾಗದವನ್ನು ತಲೆಕೆಳಗಾಗಿ ಅಂಟಿಸಿದ್ದರಿಂದ ಅಲ್ಲಿನ ಗುಬ್ಬಿಗಳೆಲ್ಲ ಇವತ್ತಿಗೂ ಅಂಗಾತ ಹಾರುತ್ತಿವೆ. ಬಚ್ಚಲಿಗೆ ಬಾಗಿಲು ಕೂರಿಸಲು ಹೋದವನು ಒಳಗಿನಿಂದ ಕೂರಿಸಿ, ಬಾಗಿಲು ತೆರೆಯದೆ ಕಿಟಕಿಯಿಂದ ಇಳಿದು, ಪಕ್ಕದ ಮನೆಯ ಗುಲಾಬಿ ಗಿಡಕ್ಕೆ ಬಿದ್ದ. ಇಂಥವನು ಮುಚ್ಚಿಹೋದ ಚಾಪೆಲ್ಲಿನ ಹಳೆಯ ಪ್ರಾರ್ಥನಾ ಆಸನದಿಂದ ಉಳಿಸಿಟ್ಟಿದ್ದ ಓಕ್ ಹಲಗೆಯನ್ನು ಮೂರು ದಿನ ಉಜ್ಜಿ, ನಾಲ್ಕು ಬೋಲ್ಟು ಹಾಕಿ, ಬೆಂಚಿಗೆ ಕೂರಿಸಿದ. ತಾನು ಕೂತ. ನನ್ನನ್ನು ಕೂರಿಸಿದ. ನಾನು ಸುಮ್ಮನೆ ಕೂರುವವಳೇ? ಎರಡು ಸಲ ಕುಪ್ಪಳಿಸಿದೆ.

"ಮುರೀಲಿಲ್ಲ ಕಣೇ" ಎಂದ. ದನಿಯಲ್ಲಿ ಹೆದರಿಕೆಯಿತ್ತು.

ನಲವತ್ತು ವರ್ಷಗಳಲ್ಲಿ ನನ್ನ ಗಂಡ ನೆಟ್ಟಗೆ ಮಾಡಿದ ಒಂದೇ ಕೆಲಸ ಅದು ಸ್ವಾಮೀ. ಬೀಳುವ ಷೆಲ್ಫು, ಅಂಗಾತ ಗುಬ್ಬಿ, ತೆರೆಯದ ಬಾಗಿಲು, ಎಲ್ಲವನ್ನೂ ನನ್ನ ತಲೆಗೆ ಬಿಟ್ಟು ಅದೊಂದನ್ನು ಹುಡುಕಿ ಕಿತ್ತುಕೊಂಡು ಹೋದಿರಲ್ಲ!

ಬೆಂಚು ಎಲ್ವಿನನ ಹೆಮ್ಮೆಯಷ್ಟೇ ಆಗಿದ್ದರೆ ನಾನು ಇಷ್ಟು ಶಾಯಿ ಖರ್ಚು ಮಾಡುತ್ತಿರಲಿಲ್ಲ. ಏರಿನ ಬುಡದ ನಾಲ್ಕನೆಯ ಮನೆಯಲ್ಲಿ ನೆಸ್ಟಾ ಇದ್ದಾರೆ. ವಯಸ್ಸು ಎಂಬತ್ತೊಂದು. ಚಳಿಗಾಲದಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡವರು. ಏರಿನ ತುದಿಯಲ್ಲಿ ಪುರಸಭೆಯಿಂದ ಗೇಣಿಗೆ ಪಡೆದ ಅವರ ತೋಟದ ಪಟ್ಟಿಯಿದೆ. ಅಲ್ಲಿ ಅವರ ಈರುಳ್ಳಿಗಳು ಮಕ್ಕಳ ತಲೆಯಷ್ಟು ದಪ್ಪವಾಗುತ್ತಿವೆ. ಆಗಸ್ಟ್ ಕೊನೆಯ ಶನಿವಾರ ತರಕಾರಿ ಪ್ರದರ್ಶನ. ಕಳೆದ ಮೂರು ವರ್ಷವೂ ದಪ್ಪ ಈರುಳ್ಳಿಯ ಮೊದಲ ಬಹುಮಾನ ಅವರದೇ. ಆಸ್ಪತ್ರೆಯವರು ಹೇಳಿ ಕಳಿಸಿದ್ದು ಇಷ್ಟೇ: ದಿನಾ ನಡೆಯಿರಿ, ನಡುವೆ ಕೂತು ನಡೆಯಿರಿ. ಬೆಂಚು ಹೋದ ಮೇಲೆ ಹನ್ನೊಂದು ದಿನ ಅವರು ಹೊಸ್ತಿಲು ದಾಟಲಿಲ್ಲ.

"ಬೆಂಚಿದ್ದಾಗ ಈ ಏರು ಎರಡು ಸಣ್ಣ ದಿಬ್ಬ ಆಗಿತ್ತು ಕಣೇ ಗ್ಲೆನಿಸ್" ಎಂದರು ಕಿಟಕಿಯಿಂದ ಮೇಲಕ್ಕೆ ನೋಡುತ್ತ. "ಈಗ ಒಂದೇ ಬೆಟ್ಟ ಆಗೋಗಿದೆ."

"ಪಕ್ಕದ ಪಟ್ಟಿ ಟ್ರೆವರ್ ನೀರು ಹಾಕ್ತಾ ಇದಾನಲ್ಲ, ಈರುಳ್ಳಿ ಚೆನ್ನಾಗಿದಾವಂತೆ" ಎಂದೆ.

"ಅದೇ ನನ್ನ ಚಿಂತೆ! ಮೂರು ವರ್ಷದಿಂದ ಎರಡನೇ ಬಹುಮಾನ ತಗೊಂಡವನ ಕೈಲಿ ನನ್ನ ಈರುಳ್ಳಿ. ಹಾಲು ಕಾಯೋಕೆ ಬೆಕ್ಕನ್ನ ಕೂರಿಸಿದ ಹಾಗೆ."

ಆ ಸಂಜೆ ಎಲ್ವಿನ್ ನಮ್ಮ ಅಡುಗೆಮನೆಯ ಕುರ್ಚಿಯೊಂದನ್ನು ಬೆಂಚಿದ್ದ ಜಾಗದಲ್ಲಿ ಇಟ್ಟು ಬಂದ. ಮರುದಿನ ನಿಮ್ಮವರು ಅದನ್ನೂ ಎತ್ತಿಕೊಂಡು ಹೋದರು. ನಿಮ್ಮ ಕಚೇರಿಗೆ ಫೋನು ಮಾಡಿದೆ. ಆ ತುದಿಯ ಹುಡುಗಿ ಬಹಳ ಮರ್ಯಾದಸ್ಥೆ.

"ಅದು ರಸ್ತೆಗೆ ಎಸೆದ ಕಸ ಅಂತ ದಾಖಲಾಗಿದೆ ಮೇಡಂ" ಎಂದಳು.

"ಕಸ ಅಲ್ಲಮ್ಮಾ, ಕುರ್ಚಿ. ನಾಲ್ಕೂ ಕಾಲು ಇತ್ತು."

"ಯಾರಾದ್ರೂ ಕೂತಿದ್ರೆ ಬಳಕೆಯಲ್ಲಿರೋ ವಸ್ತು ಅಂತ ಬಿಡ್ತಾರೆ. ಖಾಲಿ ಇದ್ರೆ ಕಸ. ನಿಯಮ ಹಾಗಿದೆ, ನಾನೇನ್ ಮಾಡ್ಲಿ?"

ತಾಯಿ, ನೀನು ನೂರು ವರ್ಷ ಬಾಳು. ಮುಷ್ಕರ ನಡೆಸಿದವಳಿಗೆ ಪಾಳಿಪಟ್ಟಿ ಬರೆಯುವುದನ್ನು ಯಾರೂ ಕಲಿಸಬೇಕಿಲ್ಲ. ಎಲ್ವಿನನ ಒರಗುಕುರ್ಚಿಯನ್ನೇ ಹೊತ್ತು ತಂದೆವು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ, ಎರಡೆರಡು ಗಂಟೆಗೆ ಒಬ್ಬರಂತೆ ಏರಿನ ಜನ ಅದರಲ್ಲಿ ಕೂರುತ್ತಿದ್ದೇವೆ. ಆರಕ್ಕೆ ಕುರ್ಚಿ ಮನೆಗೆ, ಎಂಟಕ್ಕೆ ಮತ್ತೆ ಬೀದಿಗೆ. ಮಳೆಗೆ ಕೊಡೆಯಿದೆ, ಚಳಿಗೆ ಚಹವಿದೆ, ಬೇಸರಕ್ಕೆ ಪದಬಂಧವಿದೆ. ಕುರ್ಚಿಗೆ ಅಂಟಿಕೊಂಡು ಕೂರುವುದು ನಿಮ್ಮಂಥವರ ಕುಲಕಸುಬು ಎಂದುಕೊಂಡಿದ್ದೆವು. ಅದು ಎಷ್ಟು ಬೆನ್ನುನೋವಿನ ಕೆಲಸವೆಂದು ಈಗ ತಿಳಿಯಿತು. ನಿಮ್ಮ ಮೇಲೆ ಕರುಣೆ ಬಂದಿದೆ.

ಪಾಳಿ ಶುರುವಾದ ವಾರದ ಶುಕ್ರವಾರ ನೆಸ್ಟಾ ಕೋಲೂರಿಕೊಂಡು ಹತ್ತಿ ಬಂದರು. ಕುರ್ಚಿಯಲ್ಲಿದ್ದವನು ಟ್ರೆವರ್. ನಿಮ್ಮ ಹಳದಿ ಅಂಗಿಯವನು ಎದುರಿಗೇ ವ್ಯಾನಿನಲ್ಲಿ ಹೊಂಚು ಹಾಕಿ ಕೂತಿದ್ದ.

"ಏಳೋ" ಎಂದರು ನೆಸ್ಟಾ ಏದುಸಿರು ಬಿಡುತ್ತ.

"ಎದ್ದರೆ ಖಾಲಿ ಆಗತ್ತೆ, ಆಯಪ್ಪ ಎತ್ಕೊಂಡ್ ಹೋಗ್ತಾನೆ. ಮೊದ್ಲು ನೀನು ಕೂತ್ಕೋ."

"ಎಲ್ಲಿ? ನಿನ್ನ ತೊಡೆ ಮೇಲಾ?"

"ಮೂರು ವರ್ಷದಿಂದ ನನ್ನ ತಲೆ ಮೇಲೆ ಕೂತಿದೀಯ. ತೊಡೆ ಯಾವ ಮಹಾ!"

ನೆಸ್ಟಾ ಕೂತರು. ಟ್ರೆವರ್ ಹಾವು ಪೊರೆ ಬಿಡುವಂತೆ ಕೆಳಗಿನಿಂದ ಜಾರಿಕೊಂಡ. ಕುರ್ಚಿ ಒಂದು ಕ್ಷಣವೂ ಖಾಲಿಯಾಗಲಿಲ್ಲ. ನಿಮ್ಮವನು ವ್ಯಾನಿನಿಂದ ಇಳಿದು ಬಂದ. ನಾನು ಜಗಳಕ್ಕೆ ತೋಳೇರಿಸಿದೆ. ಅವನು ಮೆಲ್ಲಗೆ ಕೇಳಿದ: "ಅಜ್ಜಿದು ಆದ್ಮೇಲೆ ನಾನೂ ಐದು ನಿಮಿಷ ಕೂರ್ಲಾ? ಬೆಳಿಗ್ಗೆಯಿಂದ ಬೆಂಚು ಎತ್ತಿ ಎತ್ತಿ ಸೊಂಟ ಬಿದ್ದೋಗಿದೆ."

ಕೂರಿಸಿದೆವು. ಚಹ ಕೊಟ್ಟೆವು. ನಿಂತವರ ಕಷ್ಟ ನಿಂತವರಿಗೇ ಗೊತ್ತು.

ಹಾಗಾದರೆ ಎಲ್ಲ ಸುಖವಾಗಿದೆಯಲ್ಲ ಎನ್ನಬೇಡಿ. ವೇಲ್ಸಿನ ಈ ಕಣಿವೆಯಲ್ಲಿ ಗಣಿ ಮುಚ್ಚಿದಿರಿ, ಚಾಪೆಲ್ ಮುಚ್ಚಿತು, ಬ್ಯಾಂಕು ಬೀಗ ಹಾಕಿಕೊಂಡಿತು. ಪ್ರತಿ ಸಲವೂ ನಾವು ಹೇಗೋ ನಿಭಾಯಿಸಿದೆವು, ನಿಭಾಯಿಸಿದೆವೆಂದೇ ಮುಂದಿನದನ್ನು ಕಿತ್ತಿರಿ. ಜನರ ಜಾಣತನವನ್ನು ಸರ್ಕಾರದ ಸೋಮಾರಿತನಕ್ಕೆ ಊರುಗೋಲು ಮಾಡಿಕೊಳ್ಳುವ ಈ ಆಟ ಸಾಕು. ಒಬ್ಬ ಮುದುಕಿ ತನ್ನ ಈರುಳ್ಳಿ ನೋಡಿಬರಲು ಐದು ಜನ ಪಾಳಿ ಕಾಯಬೇಕೆ? ಕೂರುವುದಕ್ಕೂ ಚಳವಳಿ ಮಾಡಬೇಕೆ?

ಇನ್ನೊಂದು ಸಂಗತಿ. ಬೆಂಚು ಹೋದಂದಿನಿಂದ ಎಲ್ವಿನ್ ಸುತ್ತಿಗೆ ಮುಟ್ಟಿಲ್ಲ. ಮನೆಯಲ್ಲಿ ಒಂದು ಮೊಳೆಯೂ ಬಾಗಿಲ್ಲ, ಒಂದು ತಟ್ಟೆಯೂ ಒಡೆದಿಲ್ಲ. ಇಷ್ಟು ಸುರಕ್ಷಿತವಾದ ಮನೆಯಲ್ಲಿ ನಾನು ಬದುಕಿ ಅಭ್ಯಾಸವಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ಆದ್ದರಿಂದ ಬೇಡುತ್ತಿಲ್ಲ, ಹೇಳುತ್ತಿದ್ದೇನೆ. ಬರುವ ಗುರುವಾರ ನಮ್ಮ ಕ್ಲಬ್ಬಿನ ವಾರ್ಷಿಕ ಪ್ರವಾಸ. ಏರಿನ ಜನವೆಲ್ಲ ಬಸ್ಸಿನಲ್ಲಿ ಬ್ಯಾರಿ ಎಂಬ ಊರಿನ ಕಡಲತೀರಕ್ಕೆ ಹೋಗಿ, ಮರಳಿನಲ್ಲಿ ಕೂತು, ಗಾಳಿಗೆ ಬೈಯುತ್ತ ಐಸ್‌ಕ್ರೀಂ ತಿಂದು ಬರುವ ದಿನ. ಅಂದು ಕುರ್ಚಿಯಲ್ಲಿ ಕೂರಲು ಯಾರೂ ಇರುವುದಿಲ್ಲ. ಬುಧವಾರದೊಳಗೆ ನಮ್ಮ ಬೆಂಚು, ಎಲ್ವಿನನ ಅದೇ ಓಕ್ ಹಲಗೆ ಮತ್ತು ಅದೇ ನಾಲ್ಕು ಬೋಲ್ಟುಗಳ ಸಮೇತ, ಇದ್ದ ಜಾಗಕ್ಕೆ ಬರಬೇಕು. ಬಾರದಿದ್ದರೆ ಗುರುವಾರ ಬೆಳಿಗ್ಗೆ ಎಂಟಕ್ಕೆ ನೀವೇ ಬರಬೇಕು. ಪಾಳಿಪಟ್ಟಿಯಲ್ಲಿ ಎಂಟರಿಂದ ಆರರವರೆಗೆ ನಿಮ್ಮ ಹುದ್ದೆಯನ್ನು ಬರೆದಾಗಿದೆ, ಪೆನ್ಸಿಲಿನಲ್ಲಲ್ಲ. ಕೊಡೆ ನಿಮ್ಮದೇ ತನ್ನಿ. ನೆಸ್ಟಾ ಪ್ರವಾಸಕ್ಕೆ ಬರುತ್ತಿಲ್ಲ. ಪ್ರದರ್ಶನ ಹತ್ತಿರವಾಯಿತು, ಈರುಳ್ಳಿ ನೋಡಬೇಕಂತೆ. ಸರಿಯಾಗಿ ಹತ್ತೂಕಾಲಿಗೆ ಅವರು ನಿಮ್ಮ ಮುಂದೆ ಬಂದು ನಿಲ್ಲುತ್ತಾರೆ. ಕುರ್ಚಿ ಕಸವಾಗದಂತೆ ಅವರಿಗೆ ಜಾಗ ಬಿಟ್ಟುಕೊಡುವುದು ಹೇಗೆಂದು ಮೊದಲೇ ಟ್ರೆವರನನ್ನು ಕೇಳಿ ಕಲಿತಿರಿ.

ಇಂತಿ,
ಮುಂದಿನ ಪಾಳಿಯವನು ತಡಮಾಡಿದ್ದರಿಂದ ಕುರ್ಚಿ ಬಿಟ್ಟು ಏಳಲಾಗದೆ ಇನ್ನೂ ಕೂತೇ ಇರುವ,
ಗ್ಲೆನಿಸ್ ಪ್ರೋಥರೋ
(ಅನಧಿಕೃತ ಸುಧಾರಕನ ಹೆಂಡತಿ)