ಹೊಟ್ಟೆಯ ನರಗಳನ್ನು ಮಲಗಿಸಿದ ದಿನ

ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಮೊಣಕಾಲು ನೋವು ಹೇಗಿದೆ? ಕ್ರೇನಿನ ಏಣಿ ಹತ್ತುವಾಗ ಈಗಲೂ ಎರಡು ಸಲ ನಿಂತು ಸುಧಾರಿಸಿಕೊಳ್ಳಬೇಕೇ? ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡ. ಮೊನ್ನೆ ನನಗೆ ತೂಕ ಇಳಿಸುವ ಆಪರೇಷನ್ ಆಯಿತು. ಚೆನ್ನಾಗಿದ್ದೇನೆ. ಮೊದಲೇ ಹೇಳಲಿಲ್ಲವೆಂದು ಬೈದುಕೋ, ಬೈಸಿಕೊಳ್ಳುತ್ತೇನೆ. ಆದರೆ ಫೋನಿನಲ್ಲಿ ಆಸ್ಪತ್ರೆ ಎಂದರೆ ಸಾಕು, "ಅಪ್ಪನ ನೋವು ಮರೆತುಬಿಟ್ಯಾ ಅಕ್ಕಾ?" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಮರೆಯುವುದು ಹೇಗೆ ಹೇಳು? ಅಪ್ಪನ ಹೊಲಿಗೆ ಅಂಗಡಿಯ ಬೆಂಚು ನಾವಿಬ್ಬರು ಕೂತರೆ ಕಿರುಗುಟ್ಟುತ್ತಿತ್ತು. ಬೀದಿಯವರಿಗೆ ನಾನು ದೊಡ್ಡ ಗಂಟು, ನೀನು ಚಿಕ್ಕ ಗಂಟು. ಗಿರಾಕಿಗಳ ಎದುರು ನಮ್ಮ ಅಳತೆ ತೆಗೆಯಬೇಕಾದರೆ ಅಪ್ಪ ಸೊಂಟದ ಸುತ್ತಳತೆಯನ್ನು ಎರಡು ಇಂಚು ಕಡಿಮೆ ಮಾಡಿ ಕೂಗುತ್ತಿದ್ದರು, ಪುಸ್ತಕದಲ್ಲಿ ಮಾತ್ರ ನಿಜ ಬರೆಯುತ್ತಿದ್ದರು. ಬಟ್ಟೆ ಬಿಗಿಯಾಗಲಿಲ್ಲ, ನಮ್ಮ ಮಾನವೂ ಹೋಗಲಿಲ್ಲ. ಅಂಥ ಅಪ್ಪ ಪಿತ್ತಕೋಶದ ಆಪರೇಷನ್ ಆದಮೇಲೆ ಮೂರು ದಿನ ಟವೆಲ್ ಕಚ್ಚಿಕೊಂಡು ಮಲಗಿದ್ದರು. ನರಳುವುದು ನಮಗೆ ಕೇಳಿಸಬಾರದೆಂದು, "ಹೊರಗೆ ನಿಂತು ಜೋರಾಗಿ ಮಗ್ಗಿ ಹೇಳಿ ಮಕ್ಕಳೇ" ಎಂದಿದ್ದರು. ಹದಿಮೂರರ ಮಗ್ಗಿಯಲ್ಲಿ ನೀನು ಅತ್ತುಬಿಟ್ಟೆ. ಮುಂದಿನದನ್ನು ನಾನೊಬ್ಬಳೇ ಹೇಳಿದೆ.

ಇದನ್ನೆಲ್ಲ ಅರಿವಳಿಕೆ ಕೊಡುವ ಡಾಕ್ಟರಮ್ಮನಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಸಾಯುವುದಕ್ಕಲ್ಲ, ನೋವಿಗೆ ಹೆದರಿಕೆ ಎಂದೆ. ಆಕೆ ಕುರ್ಚಿ ಎಳೆದುಕೊಂಡು ಕೂತು, "ನೋವಿನ ಸುದ್ದಿ ತರೋ ನರಗಳನ್ನೇ ಸ್ವಲ್ಪ ಹೊತ್ತು ಮಲಗಿಸಿಬಿಡ್ತೀವಿ ಕಣಮ್ಮ" ಎಂದರು. ನನಗೆ ನಿದ್ದೆ ಬರಿಸಿದ ಮೇಲೆ, ಪರದೆಯಲ್ಲಿ ನೋಡಿಕೊಂಡು, ಹೊಟ್ಟೆಯ ಎರಡೂ ಪಕ್ಕದ ಸ್ನಾಯುಗಳ ನಡುವೆ ಸೂಜಿಯಿಂದ ಮದ್ದು ಬಿಟ್ಟರಂತೆ. ಎಚ್ಚರವಾದಾಗ ಪಕ್ಕದ ಮನೆಯವರ ಹೊಟ್ಟೆಯನ್ನು ಕಡ ತಂದಂತಿತ್ತು! ಸುಳ್ಳು ಹೇಳುವುದಿಲ್ಲ, ಒಳಗೆ ಹಿಂಡುತ್ತಿತ್ತು, ಆಪರೇಷನ್ನಿಗೆಂದು ಹೊಟ್ಟೆಗೆ ತುಂಬಿದ್ದ ಗಾಳಿಯಿಂದ ಭುಜವೂ ನೋಯಿತು. ಮರುದಿನ ಮದ್ದಿನ ಅಮಲು ಇಳಿದಾಗ ಹೊಲಿಗೆಗಳು ಚುರುಗುಟ್ಟಿದವು. ಮಾತ್ರೆ ಕೊಟ್ಟ ಮೇಲೆ ತಡೆದುಕೊಳ್ಳುವಂತಾಯಿತು. ಆದರೆ ಆಪರೇಷನ್ ಆದ ಸಂಜೆಯೇ ನರ್ಸಿನ ಕೈ ಹಿಡಿದು ಮೊಗಸಾಲೆಯ ತುದಿಯವರೆಗೆ ನಡೆದೆ. ಅಲ್ಲಿ ಗೋಡೆಗೆ ಒರಗಿ ಅತ್ತೆ. "ನೋವಾಯ್ತಾ?" ಎಂದಳು ನರ್ಸು. ಇಲ್ಲ ಎಂದೆ. ಅಪ್ಪನಿಗೆ ಇದು ಸಿಗಲಿಲ್ಲವಲ್ಲ ತಮ್ಮಾ, ಅದಕ್ಕೆ ಅತ್ತದ್ದು.

ಈಗ ಗಂಟೆಗೊಮ್ಮೆ ಗುಟುಕು ನೀರು, ಅಷ್ಟೇ ನನ್ನ ಊಟ. ನಾಳೆ ಮನೆಗೆ ಕಳಿಸುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ತಲೆ ಸವರಿದ್ದೇನೆ ಎಂದುಕೋ.

ನಿನ್ನ
ಅಕ್ಕ

ಮರೆತಿದ್ದೆ: ನಿನ್ನ ಗೊರಕೆಯ ವಿಷಯವನ್ನೂ ಡಾಕ್ಟರಮ್ಮನಿಗೆ ಹೇಳಿದೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಹಗಲು ಕ್ರೇನಿನ ಮೇಲೆ ಕೂತಲ್ಲೇ ತೂಕಡಿಸುವುದು, ಎಲ್ಲ. ಮುಂದಿನ ಗುರುವಾರ ಹತ್ತು ಗಂಟೆಗೆ ನಿನ್ನನ್ನು ಬರಹೇಳಿದ್ದಾರೆ. ಆಪರೇಷನ್ನಿಗಲ್ಲ, ಬರೀ ನೋಡಲು. ರಜೆ ಹಾಕಿ ಬಾ. ನಾನು ನಗುನಗುತ್ತಾ ಹೇಳಿದ್ದೆ. ಅವರು ನಗಲಿಲ್ಲ.