ಸದ್ದಿಲ್ಲದ ಆರು ತಿಂಗಳು

ಮಾರ್ಚ್ ೧೨, ಮಂಗಳವಾರ
ಪ್ರಯೋಗಾಲಯದಿಂದ, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ. ಫೋನು ಮಾಡಿದರೆ ಎರಡನೇ ಮಾತಿಗೇ ಜಗಳ ಹತ್ತಿಕೊಳ್ಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ. ಅರ್ಧಕ್ಕೇ ಮಡಚಿ ಜೇಬಿಗೆ ಹಾಕಿಕೊಳ್ಳಬೇಡಿ, ನಿಮ್ಮ ಬುದ್ಧಿ ನನಗೆ ಗೊತ್ತು.

ಪುಟ್ಟಿ ಕಿವಿಯ ಯಂತ್ರ ಹಾಕಿಸಿಕೊಳ್ಳುತ್ತಿಲ್ಲ. ಆಪರೇಷನ್ ಆಗಿ ಯಂತ್ರ ಶುರು ಮಾಡಿ ಆರು ತಿಂಗಳಾಯಿತು. ಈಗ ಕಿವಿಯ ಹಿಂದೆ ಸಿಕ್ಕಿಸಿದರೆ ಸಾಕು, ಕಿತ್ತು ಎಸೆಯುತ್ತಾಳೆ. ಮೊನ್ನೆ ನನ್ನ ಕೈಯಿಂದ ಚಮಚ ಜಾರಿ ಬಿತ್ತು. ಅಷ್ಟಕ್ಕೇ ಕಿಟಾರನೆ ಕಿರುಚಿ ಮಂಚದ ಕೆಳಗೆ ಸೇರಿಕೊಂಡಳು. ನಾಲ್ಕು ವರ್ಷ ತುಂಬಿತು ಅವಳಿಗೆ. ಯಂತ್ರ ಹಾಕದೆ ಮಾತು ಕೇಳಿಸದು, ಕೇಳಿಸದೆ ಮಾತು ಬಾರದು. ಇನ್ನು ಇಪ್ಪತ್ತು ದಿನಕ್ಕೆ ಕ್ಲಿನಿಕ್ಕಿನಲ್ಲಿ ಪರೀಕ್ಷೆ. ಆಗಲೂ ಕಿತ್ತೆಸೆದರೆ ಮಾತು ಕಲಿಸುವ ತರಗತಿಗೆ ಸೇರಿಸಿಕೊಳ್ಳುವುದಿಲ್ಲವಂತೆ.

ಮನೆಯನ್ನು ನಾನು ಹೇಗಿಟ್ಟಿದ್ದೆ ಎಂದು ನಿಮಗೆ ಗೊತ್ತೇ ಇದೆ. ಕುರ್ಚಿಯ ಕಾಲಿಗೆ ಬಟ್ಟೆ, ಕಿಟಕಿಗೆ ದಪ್ಪ ಪರದೆ. ಬಾಗಿಲ ಗಂಟೆಯ ತಂತಿಯನ್ನೇ ಕತ್ತರಿಸಿದ್ದೆ. ಕ್ಲಿನಿಕ್ಕಿನವರು ಸದ್ದು ಮಾಡಬೇಡಿ ಎಂದಿದ್ದಾರೆ ಎಂದು, ಕೆಳಗಿನ ನಿಮ್ಮ ತಗಡಿನ ಅಂಗಡಿಯನ್ನೂ ಮುಚ್ಚಿಸಲು ಹೊರಟೆ. ಸದ್ದಿಲ್ದೆ ಬಕೆಟ್ ಬಡಿಯೋಕೆ ನಾನೇನು ಮಂತ್ರವಾದಿನೇನೇ ಎಂದು ರೇಗಿದಿರಿ. ಹಾಗಾದ್ರೆ ಬೇರೆ ಕಡೆ ಹೋಗಿ ಬಡೀರಿ ಎಂದೆ. ಸುತ್ತಿಗೆ, ಕತ್ತರಿ, ತಗಡು ಎಲ್ಲ ಹೇರಿಕೊಂಡು ನಿಮ್ಮಣ್ಣನ ಶೆಡ್ಡಿಗೆ ಹೋಗಿಬಿಟ್ಟಿರಿ. ಹೊರಡುವ ಮುಂಚೆ ನೀವು ಪುಟ್ಟಿಯ ತಲೆ ನೇವರಿಸಿದ್ದನ್ನು ಬಾಗಿಲ ಸಂದಿಯಿಂದ ನೋಡಿದೆ. ಕರೆಯಲಿಲ್ಲ.

ಈಗ ನನ್ನ ಮಿಡತೆಗಳ ವಿಷಯ. ಮಿಡತೆ ಕಿವಿ ಹಿಂಡೋಕೂ ಸಂಬಳ ಕೊಡ್ತಾರಾ ಎಂದು ನಗುತ್ತಿದ್ದಿರಲ್ಲ, ಅವೇ. ಅರ್ಧದಷ್ಟನ್ನು ಸದ್ದು ನುಸುಳದ ಪೆಟ್ಟಿಗೆಯಲ್ಲಿ ಬೆಳೆಸಿದ್ದೆವು. ಉಳಿದವನ್ನು ಗಾಳಿ, ಮಳೆ, ಹಕ್ಕಿ, ಲಾರಿ ಎಲ್ಲ ಕೇಳುವ ಕಿಟಕಿಯ ಬಳಿ. ನಿನ್ನೆ ಅವುಗಳ ಕಿವಿಯ ನರಕ್ಕೆ ಕೂದಲಿಗಿಂತ ತೆಳುವಾದ ತಂತಿ ಇಟ್ಟು ನೋಡಿದೆ. ಕಿಟಕಿಯವುಗಳ ನರ ಸಣ್ಣ ಸದ್ದಿಗೆ ಸ್ವಲ್ಪ, ದೊಡ್ಡದಕ್ಕೆ ಜಾಸ್ತಿ ಮಿಡಿಯಿತು. ಪೆಟ್ಟಿಗೆಯವುಗಳದ್ದು ಸಣ್ಣ ಸದ್ದಿಗೇ ತುತ್ತತುದಿ ಮುಟ್ಟಿತು. ಅದರಾಚೆಗೆ ಎಲ್ಲವೂ ಒಂದೇ. ನರದ ಹತ್ತಿರ ಬದಲಾಗದ ಅಳತೆಗೋಲು ಇಲ್ಲ ರೀ. ಸುತ್ತ ಎಂಥೆಂಥ ಸದ್ದಿದೆ, ಯಾವುದು ಎಷ್ಟು ಸಲ ಬರುತ್ತದೆ ಎಂದು ನೋಡಿಕೊಂಡೇ ಅದು ತನ್ನ ಅಳತೆ ಹಾಕಿಕೊಳ್ಳುತ್ತದೆ. ಬಿಸಿಲಿನಿಂದ ಒಳಗೆ ಬಂದಾಗ ಕಣ್ಣು ಮೆಲ್ಲಗೆ ಹೊಂದಿಕೊಳ್ಳುವುದಿಲ್ಲವೇ, ಹಾಗೆ.

ಕಂಪ್ಯೂಟರಿನಲ್ಲಿ ಮೂಡಿದ ಆ ಮಿಡಿತದ ಗೆರೆಗಳನ್ನು ನೋಡುತ್ತಿದ್ದವಳಿಗೆ ಮಂಚದಡಿ ಅವಿತ ಮಗಳೇ ಕಂಡಳು. ಅಯ್ಯೋ, ಅವಳನ್ನು ಪೆಟ್ಟಿಗೆಯಲ್ಲಿಟ್ಟವಳು ನಾನೇ! ಹನ್ನೊಂದು ವರ್ಷ ಇದನ್ನೇ ಓದಿದವಳು! ಮಿಡತೆ ಬೇರೆ, ಮಗು ಬೇರೆ, ನಾನು ಅಂದುಕೊಂಡಿದ್ದು ತಪ್ಪೂ ಇರಬಹುದು. ಆದರೂ ನಿನ್ನೆ ಸಂಜೆ ಯಂತ್ರ ಹಾಕಿ, ಪರದೆ ಕಿತ್ತು, ಕಿಟಕಿ ತೆರೆದೆ. ಹೋ ಎಂದು ಅತ್ತಳು. ಅರ್ಧ ಗಂಟೆಯ ಮೇಲೆ ತಾನೇ ಅಳು ನಿಲ್ಲಿಸಿ, ನೆಲಕ್ಕೆ ಅಂಗೈ ಒತ್ತಿ, ಕೆಳಗೆ ಬೆರಳು ತೋರಿಸಿದಳು. ಮೊದಲೆಲ್ಲ, ಕಿವಿ ಕೇಳದ ದಿನಗಳಲ್ಲಿ, ನಿಮ್ಮ ಸುತ್ತಿಗೆಯ ಏಟನ್ನು ನೆಲದ ಅದುರಿನಲ್ಲಿ ಹಾಗೆ ತಾನೇ ಅವಳು ಹಿಡಿಯುತ್ತಿದ್ದದ್ದು?

ಬನ್ನಿ ರೀ. ಬಕೆಟ್ಟೋ ಡಬ್ಬವೋ, ಏನಾದರೂ ಬಡಿಯಿರಿ. ಮೊದಲು ಮೆಲ್ಲಗೆ, ದಿನ ಕಳೆದಂತೆ ಸ್ವಲ್ಪ ಜೋರಾಗಿ. ನೀವು ಬರದಿದ್ದರೆ ಆ ಪರೀಕ್ಷೆಯ ದಿನವೂ ಅವಳು ಕಿತ್ತೆಸೆದಾಳು.

ನಿಮ್ಮ
ಹಠಮಾರಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಕ್ಲಿನಿಕ್ಕಿನವರು ಸದ್ದು ಮಾಡಬೇಡಿ ಎಂದಿರಲೇ ಇಲ್ಲ. ಯಂತ್ರ ಶುರು ಮಾಡಿದ ಆ ಮೊದಲ ದಿನ ನೀವು ಹೊರಗೆ ಔಷಧಿಯ ಸಾಲಿನಲ್ಲಿ ನಿಂತಿದ್ದಿರಿ. ಮನೆ ಎಂದಿನಂತೆಯೇ ಇರಲಿ, ಅಪ್ಪನ ಕೆಲಸದ ಸದ್ದೂ ಕೇಳಲಿ ಎಂದೇ ಆ ಡಾಕ್ಟರಮ್ಮ ಹೇಳಿದ್ದರು. ಪುಟ್ಟಿಗೆ ನೋವಾದೀತು ಎಂಬ ಭಯ ನನಗೆ. ಅವರಿಗಿಂತ ನನಗೇ ಗೊತ್ತು ಎಂಬ ಜಂಬ ಬೇರೆ. ನಿಮಗೆ ಸುಳ್ಳು ಹೇಳಿದೆ. ಇದನ್ನು ಓದಿದ ಮೇಲೂ ಬರುವಿರಾದರೆ, ನಾನು ಕಲಿಸಿದ ಹಾಗೆ ಬಾಗಿಲನ್ನು ಉಗುರಿನಿಂದ ಕೆರೆಯಬೇಡಿ. ಬಡಿಯಿರಿ. ತೆರೆಯಲು ಅವಳನ್ನೇ ಕಳಿಸುತ್ತೇನೆ.